ದೇವರ ಮೀನಿನ ಮಡು

ಜಜ್ಜಿದ ಕಾರೆಕಾಯಿಯ ಕಹಿ ವಾಸನೆ ತಾರಾಬಾಯಿಗೆ ಎಂಟನೆಯ ವಯಸ್ಸಿನಿಂದ ನೆನಪಿತ್ತು. ಆ ವರ್ಷ ಯಾರೋ ಕದ್ದು ಮೀನು ಹಿಡಿಯಲು ಕಾರೆಕಾಯಿ ಅರೆದು ಮಡುವಿಗೆ ಕದಡಿದ್ದರು. ಅಪ್ಪನ ಧೋತರದ ಚುಂಗು ಹಿಡಿದು ದಂಡೆಯಲ್ಲಿ ನಿಂತಿದ್ದ ಹುಡುಗಿ, ಮೀನುಗಳು ಹೊಟ್ಟೆ ಮೇಲಾಗಿ ತೇಲುವುದನ್ನೂ ಅವುಗಳ ಜೊತೆ ಕಪ್ಪೆಗಳು ಸತ್ತು ಬಿದ್ದಿದ್ದನ್ನೂ ಕಂಡಿದ್ದಳು. ಮೂವತ್ತು ವರ್ಷದ ಮೇಲೆ, ನರಸಿಂಹ ಜಯಂತಿಯ ಮರುದಿನ ಬೆಳಿಗ್ಗೆ, ಅದೇ ದಂಡೆಗೆ ಓಡಿ ಬಂದವಳು ಮೊದಲು ಹುಡುಕಿದ್ದು ಆ ವಾಸನೆಯನ್ನೇ.

ಅದು ಇರಲಿಲ್ಲ. ಹುಳಿತ ಇನ್ನೇನೋ ನಾತವಿತ್ತು.

ರಾಮದುರ್ಗದಿಂದ ಹರದಾರಿ ದೂರದ ಆ ಮಡುವಿನಲ್ಲಿ ಯಾರೂ ಬಲೆ ಹಾಕುವಂತಿರಲಿಲ್ಲ. ಅಲ್ಲಿಯವು ದೇವರ ಮೀನು. ದಂಡೆಯ ನರಸಿಂಹನಿಗೆ ತಾರಾಬಾಯಿಯ ಮನೆತನದವರೇ ಪೂಜಾರಿಗಳು. ನೈವೇದ್ಯದ ಅನ್ನದಲ್ಲಿ ಒಂದು ಪಾಲು ಮೀನಿಗೆ ಹಾಕುವುದು ಹಿರಿಯರ ಕಾಲದ ಪದ್ಧತಿ. ಇಂದು ಆ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಇಪ್ಪತ್ತು ಮೂವತ್ತು ಆಗಲೇ ಸತ್ತು ಮೆಟ್ಟಿಲಿಗೆ ಬಡಿಯುತ್ತಿದ್ದವು.

ಹೊಂಗೆಯ ಬೊಡ್ಡೆಗೆ ಮುದಕಪ್ಪನನ್ನು ಕಟ್ಟಿದ್ದರು. ಮಡುವಿನ ಕೆಳಗಡೆ ಹೊಳೆಯಲ್ಲಿ ಬಲೆ ಹಾಕಿ ಬದುಕುವವನು ಅವನೊಬ್ಬನೇ. ಕಟ್ಟಿದವನು ಊರ ತಳವಾರ ಹಣಮಂತಪ್ಪ. ಹಗ್ಗ ಕೊರೆಯದಿರಲೆಂದು ಆತ ತನ್ನ ಹೆಗಲ ವಸ್ತ್ರವನ್ನು ಮುದಕಪ್ಪನ ಮಣಿಕಟ್ಟಿಗೆ ಸುತ್ತಿದ್ದನ್ನು ತಾರಾಬಾಯಿ ಗಮನಿಸಿದಳು.

“ಕಾರೀಕಾಯಿ ಹಾಕ್ಯಾನ,” ಎಂದ ಶಂಕ್ರೆಪ್ಪ. ಮಡುವಿನ ಮೇಲ್ಗಡೆ ಅವನ ಕಬ್ಬಿನ ಹೊಲ, ಹೊಳೆಗೆ ಅಡ್ಡ ಹಾಕಿದ ಉಸುಕಿನ ಒಡ್ಡು, ಡೀಸೆಲ್ ಪಂಪು. “ಬಲಿ ಸುಟ್ಟು ಇವನ್ನ ಹೊಳಿ ದಾಟಸೂದ. ಮತ್ತ ಈ ಕಡೆ ಕಾಲಿಡಬಾರ್ದು.”

ಬಲೆಯನ್ನು ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದಾಗಿತ್ತು. ಮುದಕಪ್ಪನ ಹೆಂಡತಿ ಬಾಯವ್ವ ಅದರ ಒಂದು ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಯಾರು ಹೇಳಿದರೂ ಬಿಟ್ಟಿರಲಿಲ್ಲ. ತಾರಾಬಾಯಿಯ ಅಣ್ಣ, ಪೂಜಾರಿ ತ್ರ್ಯಂಬಕ, ಮಡಿಯುಟ್ಟು ಮೆಟ್ಟಿಲ ಮೇಲೆ ನಿಂತಿದ್ದ. ಅವನು ಹೂಂ ಅನ್ನುವುದೊಂದೇ ಬಾಕಿ. ಕಡ್ಡಿಪೆಟ್ಟಿಗೆ ಶಂಕ್ರೆಪ್ಪನ ಕೈಯಲ್ಲಿತ್ತು.

“ಅಣ್ಣಾ, ತಡಿ. ಕಾರೀಕಾಯಿ ಹಾಕಿದ್ರ ಕಪ್ಪಿನೂ ಸಾಯ್ತಾವ. ಅಲ್ಲಿ ನೋಡು, ವಟಗುಟ್ಟಲಿಕ್ಕೆ ಹತ್ತ್ಯಾವ.”

“ಮನಿಗೆ ಹೋಗು ತಾರಾ. ಇದು ನಿನ್ನ ಸಾಲಿ ಅಲ್ಲ.”

“ಅಕ್ಕಾರು ಕಪ್ಪೀನ ಸಾಕ್ಷಿಗೆ ತಂದಾರ,” ಎಂದ ಶಂಕ್ರೆಪ್ಪ. ಜನ ನಕ್ಕರು.

ತಾರಾಬಾಯಿ ರಾಮದುರ್ಗದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಧಾರವಾಡದಲ್ಲಿ ಓದುವಾಗ ಒಮ್ಮೆ ರಾಮೇಶ್ವರದ ಕಡಲಿಗೆ ಪ್ರವಾಸ ಹೋಗಿ, ದೋಣಿಯಿಂದ ಬಗ್ಗಿ ಹವಳದ ದಿಬ್ಬ ನೋಡಿದ್ದಳು. ಒಂದು ಕಡೆ ಅದು ಸತ್ತು ಸುಣ್ಣದಂತೆ ಬೆಳ್ಳಗಾಗಿತ್ತು. ಅಲ್ಲಿ ಒಂದು ಮೀನೂ ಇರಲಿಲ್ಲ. ದೋಣಿಯ ಮುದುಕ ಹೇಳಿದ್ದನ್ನು ಮಾಸ್ತರರು ಕನ್ನಡಕ್ಕೆ ತಿರುಗಿಸಿದ್ದರು: ಮೀನನ್ನಷ್ಟೇ ಕಾದರೆ ಮೀನು ಉಳಿಯುವುದಿಲ್ಲ. ಹವಳ, ಪಾಚಿ, ಹೊಳೆ ತರುವ ಮಣ್ಣು, ಬಲೆ ಹಾಕುವ ನಾನು, ಎಲ್ಲ ಒಂದೇ ಸಂಸಾರ.

ಅವಳು ಸೀರೆಯನ್ನೂ ಎತ್ತಿ ಕಟ್ಟದೆ ನೀರಿಗಿಳಿದಳು. ಕಾಲಿಟ್ಟಲ್ಲಿ ಗುಳ್ಳೆಗಳೆದ್ದು ನಾತ ಹೊಡೆಯಿತು. ಬಗ್ಗಿ ತಳದಿಂದ ಒಂದು ಬೊಗಸೆ ಬಾಚಿಕೊಂಡು ಮೆಟ್ಟಿಲೇರಿ, ಅಣ್ಣನ ಮಡಿ ಮುಟ್ಟದಷ್ಟು ದೂರದಲ್ಲಿ ಕೈ ಚಾಚಿದಳು. ಲೋಳೆಗಟ್ಟಿದ ಅಗುಳು, ಪತ್ರಾವಳಿಯ ಚೂರು, ಇನ್ನೂ ಮಾಸದ ಚಿತ್ರಾನ್ನದ ಅರಿಷಿಣ.

“ಮೂಸಿ ನೋಡು.”

ತ್ರ್ಯಂಬಕ ಮೂಸಬೇಕಾಗಿರಲಿಲ್ಲ. ಜಯಂತಿಯ ಊಟದಲ್ಲಿ ಉಳಿದದ್ದನ್ನು ಮಡುವಿಗೆ ಹಾಕಿಸಿದವನು ಅವನೇ.

“ಹತ್ತು ಡಬರಿ ಅನ್ನ ಹಾಕಿಸಿದೆ,” ಎಂದ ಮೆಲ್ಲಗೆ. “ಬ್ಯಾಸಿಗಿ, ಹಸಿದಾವು ಅಂತ.”

“ಅಪ್ಪನ ಕಾಲಕ್ಕ ಹೊಳಿ ಹರೀತಿತ್ತು, ನಡೀತು. ನವಿಲುತೀರ್ಥದಾಗ ಅಣೆಕಟ್ಟು ಆದಮ್ಯಾಲೆ ಇದು ನಿಂತ ನೀರು, ಅಣ್ಣಾ. ಕೊಳೆತ ಅನ್ನ ನೀರಿನ ಉಸಿರು ತಿಂದದ.” ಅವಳು ಶಂಕ್ರೆಪ್ಪನ ಕಡೆ ತಿರುಗಿದಳು. “ಬರೋ ಒಂದೆಳಿ ನೀರನ್ನೂ ನಿಮ್ಮ ಉಸುಕಿನ ಒಡ್ಡು ತಡದದ.”

ಮಾತಾಡಿದ್ದು ಮರಕ್ಕೆ ಕಟ್ಟಿಸಿಕೊಂಡಿದ್ದ ಮುದಕಪ್ಪ.

“ಇಲ್ಲೀ ಜೊಂಡು ನಾ ಕಿತ್ತೇನ್ರಿ ಅಕ್ಕಾರ, ಚಾಪಿಗೆ. ಅದೂ ತಪ್ಪೇನ್ರಿ?”

“ಅದೂ ತಪ್ಪ, ಮುದಕಪ್ಪ. ಜೊಂಡು ನೀರು ತಿಳಿ ಇಡ್ತದ.”

ಈಗ ಯಾರೂ ನಗಲಿಲ್ಲ. ಎಲ್ಲರ ಕಣ್ಣು ಪೂಜಾರಿಯ ಮೇಲಿತ್ತು. ದೇವರ ಮೀನನ್ನು ಕೊಂದದ್ದು ದೇವರ ಅನ್ನವೆಂದು ಊರಿನೆದುರು ಒಪ್ಪಬೇಕು, ಇಲ್ಲವೆ ಸುಮ್ಮನಿದ್ದುಬಿಡಬೇಕು. ಸುಮ್ಮನಿದ್ದರೆ ಅದನ್ನೇ ಹೂಂ ಎಂದು ತಿಳಿದು ಬಲೆ ಸುಡುತ್ತಿದ್ದರು. ಒಂದು ದೊಡ್ಡ ಮೀನು ಅವನ ಕಾಲ ಕೆಳಗೇ ಎರಡು ಸಲ ಬಾಯಿ ತೆರೆದು, ಮಗುಚಿಕೊಂಡಿತು.

ತ್ರ್ಯಂಬಕ ಮೆಟ್ಟಿಲಿಳಿದು ಬಂದ. ಶಂಕ್ರೆಪ್ಪನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡ. ಆಮೇಲೆ, ಮಡಿಯಲ್ಲಿದ್ದಂತೆಯೇ, ಹಗ್ಗಕ್ಕೆ ಕೈ ಹಾಕಿದ.

“ತಪ್ಪು ನಂದು,” ಎಂದ. “ಗುದ್ದಲಿ ತರ್ರಿ. ಒಡ್ಡು ಒಡೀಬೇಕು.”

“ನನ್ನ ಕಬ್ಬು, ಸ್ವಾಮ್ಯಾರ?”

“ಕಬ್ಬು ಎಂಟ ದಿನ ತಡೀತೈತಿ, ಶಂಕ್ರೆಪ್ಪ,” ಎಂದ ಹಣಮಂತಪ್ಪ. “ಮೀನ ಎಂಟ ನಿಮಿಷ ತಡ್ಯಾಂಗಿಲ್ಲ.”

ಶಂಕ್ರೆಪ್ಪ ಸ್ವಲ್ಪ ಹೊತ್ತು ದಾರಿಗಡ್ಡ ನಿಂತಿದ್ದ. ಬಳಿಕ ಪಕ್ಕಕ್ಕೆ ಸರಿದ. ಎಲ್ಲರಿಗಿಂತ ಮೊದಲು ಉಸುಕಿಗೆ ಗುದ್ದಲಿ ಹಾಕಿದವನು ಮುದಕಪ್ಪ. ನೀರು ಎಳೆಯಾಗಿ ಬಂತು, ಆಮೇಲೆ ಹಗ್ಗದಷ್ಟು ದಪ್ಪವಾಯಿತು. ಉಳಿದ ಮೀನುಗಳು ಅದರ ಬಾಯಿಗೆ ಹೋಗಿ ಗುಂಪುಗಟ್ಟಿದವು. ಹೆಂಗಸರು ಬುಟ್ಟಿಯಲ್ಲಿ ತಳದ ರಾಡಿ ಎತ್ತಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧದಷ್ಟು ಮೀನುಗಳು ಚೇತರಿಸಿಕೊಂಡು ನೀರಿನಾಳಕ್ಕೆ ಇಳಿದಿದ್ದವು. ಇನ್ನರ್ಧ ಸತ್ತು ದಂಡೆಯ ಮೇಲಿದ್ದವು.

ನೈವೇದ್ಯ ಮುಗಿಸಿದ ತ್ರ್ಯಂಬಕ ಮೀನಿನ ಪಾಲಿನ ಎಲೆ ಹಿಡಿದು ರೂಢಿಯಂತೆ ಕೊನೆಯ ಮೆಟ್ಟಿಲಿಗೆ ಬಂದ. ನೀರು ನೋಡುತ್ತ ನಿಂತ. ಹೊಂಗೆಯ ನೆರಳಲ್ಲಿ ಮುದಕಪ್ಪ, ಬಾಯವ್ವ ಬಲೆಯ ಸೀಮೆಎಣ್ಣೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ತ್ರ್ಯಂಬಕ ಅಲ್ಲಿಗೆ ನಡೆದು ಹೋಗಿ, ಬಿಸಿ ಅನ್ನದ ಎಲೆಯನ್ನು ಎರಡೂ ಕೈಯಿಂದ ಮುದಕಪ್ಪನಿಗೆ ಕೊಟ್ಟ.