ಕರಿಯ ಉಡುಪಿನ ಹೊಲಿಗೆ

ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಒದ್ದೆ ಹತ್ತಿಬಟ್ಟೆಯ ಮೇಲೆ ಹಾಯ್ದಾಗ ಏಳುವ ಬಿಸಿ ವಾಸನೆ, ಅದರೊಳಗೆ ಬೆರೆತ ಯಂತ್ರದೆಣ್ಣೆಯ ಘಾಟು. ವಾಜುವಾಳಿಗೆ ಬಾಲ್ಯವೆಂದರೆ ಇದೇ. ಜಾಲಿಮರದ ನೆರಳಲ್ಲಿ ಅಜ್ಜಿ ಥಿಯೊಪೊಲಿನೆ ಕಾಲು ಚಾಚಿ ಕೂತು ಬಲಗೈಯಲ್ಲಿ ಹೊಲಿಗೆಯಂತ್ರದ ಹಿಡಿ ತಿರುಗಿಸಿದರೆ, ಎಡಗೈಯ ಕೆಳಗಿಂದ ಬಟ್ಟೆ ಹಾಲು ಸುರಿದ ಹಾಗೆ ಜಾರುತ್ತಿತ್ತು.

ವಾಜುವಾಳನ್ನು ಹೆತ್ತ ದಿನವೇ ತಾಯಿ ತೀರಿಹೋಗಿದ್ದಳು. ಅಜ್ಜಿಯೇ, ಅವಳ ಬಾಯಲ್ಲಿ 'ಕುಕು', ಸಾಕಿದ್ದು. ಕುಕುವಿನ ಬಳಿ ಒಂದು ಗಂಟಿತ್ತು. ಮನೆತನದ ಹೆಂಗಸರು ಉಟ್ಟ ಒಂದೊಂದು ನೀಳ ಉಡುಪಿನಿಂದಲೂ ಅಂಗೈಯಗಲದ ತುಂಡು ಕತ್ತರಿಸಿ ಅದರಲ್ಲಿಡುತ್ತಿದ್ದಳು. "ಈ ಹಳದಿ ಹೂವಿಂದು ನಿನ್ನ ತಾಯೀದು. ಮುಖ ಕೇಳ್ಬೇಡ, ಮುಖ ನನಗೂ ಮಸುಕಾಗ್ತಿದೆ. ಬಟ್ಟೆ ಮುಟ್ಟಿ ನೋಡು" ಎನ್ನುತ್ತಿದ್ದಳು. ವಾಜುವಾ ಮುಟ್ಟಿ ನೋಡುತ್ತಿದ್ದಳು. ತಾಯಿ ಎಂದರೆ ಅವಳಿಗೆ ಅಷ್ಟೇ ಮೆತ್ತಗೆ, ಅಷ್ಟೇ ಹಳದಿ.

ಸಾಯುವ ಮುಂಚೆ ಕುಕು ಆ ಕೈಯಂತ್ರವನ್ನೂ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಸವೆದ ಹಿತ್ತಾಳೆಯ ಟೊಪ್ಪಿಯನ್ನೂ ಗಂಟನ್ನೂ ಮೊಮ್ಮಗಳ ಮಡಿಲಿಗೆ ಹಾಕಿದಳು. "ದನ ಗಂಡಸರು ಎಣಿಸಿಕೊಳ್ಳಲಿ. ಇದು ಹೆಣ್ಣಿಂದ ಹೆಣ್ಣಿಗೆ."

ಮದುವೆಯಾಗಿ ಒಕಕರಾರಾ ಎಂಬ ಊರಿಗೆ ಬಂದ ಮೇಲೆ ಅದೇ ಯಂತ್ರ ವಾಜುವಾಳ ಅನ್ನವಾಯಿತು. ಊರಿನ ಹೆಂಗಸರು ಮದುವೆಗೆ, ಇಗರ್ಜಿಗೆ ಅವಳ ಕೈಯಲ್ಲೇ ಹೊಲಿಸುತ್ತಿದ್ದರು. ಲಾರಿ ಓಡಿಸುವ ಗಂಡ ಫೆಸ್ಟಸ್ ನೆಲದ ತುಂಬ ಹರಡಿದ ಬಟ್ಟೆ ದಾಟಲಾರದೆ ಬಾಗಿಲಲ್ಲೇ ನಿಲ್ಲುತ್ತಿದ್ದ.

"ಒಬ್ಬ ಹೆಂಗಸಿಗೆ ಹತ್ತು ಮೀಟರ್ ಬಟ್ಟೇನಾ? ನನ್ನ ಲಾರಿಗೂ ಇಷ್ಟು ಟಾರ್ಪಾಲು ಬೇಡ ಕಣೆ!"

"ನಿನ್ನ ಲಾರಿಗೆ ಸೊಂಟ ಇದ್ಯಾ? ಸುಮ್ನೆ ಆ ಕಡೆಯಿಂದ ಬಾ."

ಅವನು ನಗುತ್ತ ಹಿತ್ತಲಿನಿಂದ ಬರುತ್ತಿದ್ದ. ರಾತ್ರಿಯಲ್ಲಿ ಅವಳ ಕಣ್ಣು ಸೋಲದಿರಲೆಂದು ದೀಪವನ್ನು ತಾನೇ ಅವಳ ಎಡಕ್ಕೆ ಸರಿಸಿಡುತ್ತಿದ್ದ. ಅಂಥವನ ಲಾರಿ ಒಂದು ಬೆಳಗ್ಗೆ ದಾರಿಯಲ್ಲಿ ಮಗುಚಿಕೊಂಡಿತು.

ಸುದ್ದಿ ಬಂದ ಮಧ್ಯಾಹ್ನವೇ ಪಕ್ಕದ ಮನೆಯ ಯುಸ್ತಿನೆ ಓಡಿ ಬಂದಳು. ಇಗರ್ಜಿಯ ಮಹಿಳಾ ಸಂಘ ನಡೆಸುವವಳು ಅವಳು. ಗಂಡ ಸತ್ತ ಎಷ್ಟೋ ಮನೆಗಳು ಬರಿದಾದದ್ದನ್ನು ಕಂಡವಳು.

"ಕೊಡೇ ಇತ್ತ ಮಷೀನು. ಅವನ ಸೋದರಮಾವ ಎಲಿಫಾಸ್ ಹಟ್ಟಿ ಬಿಟ್ಟಾಯ್ತಂತೆ, ಸಂಜೆಗೆ ಬಂದಿಳೀತಾರೆ. ನನ್ನ ಮಂಚದ ಕೆಳಗೆ ಇಟ್ಕೊಂಡಿರ್ತೀನಿ."

"ಸೂತಕಕ್ಕೆ ಉಡೋ ಕರೀದು ಹೊಲೀಬೇಕಲ್ಲ, ಯುಸ್ತಿನೆ."

"ನಮ್ಮನೇಲಿ ಕೂತು ಹೊಲಿ."

"ಸತ್ತವನ ಸೂರಿನಡೀಲೇ ಹೊಲೀಬೇಕು ಅಂತ ಅವರ ಮನೆತನದ ಕಟ್ಟಳೆ."

"ಯಾರಿಗೆ ಗೊತ್ತಾಗುತ್ತೆ?"

"ಅವನಿಗೆ" ಎಂದಳು ವಾಜುವಾ. ಆಮೇಲೆ ಕಣ್ಣೊರೆಸಿಕೊಂಡು, "ಇದು ನಮ್ಮ ಕುಕುದು ಅಂತ ಊರಿಗೆಲ್ಲ ಗೊತ್ತು. ಯಾರು ಮುಟ್ತಾರೆ?" ಎಂದಳು.

"ಗೊತ್ತಿರೋದು ಬೇರೆ, ಬಿಟ್ಟುಕೊಡೋದು ಬೇರೆ ಕಣೇ ಹುಚ್ಚಿ."

ಎಲಿಫಾಸ್ ಬಂದಿಳಿದಾಗ ಅವಳು ಯಂತ್ರದ ಮುಂದೆಯೇ ಇದ್ದಳು. ಕಟ್ಟಳೆಗೆ ತಲೆಬಾಗಿ ಕೂತದ್ದಕ್ಕೇ ಆ ಯಂತ್ರ ಅವನ ಕಣ್ಣಿಗೆ ಬಿತ್ತು.

ಮಣ್ಣು ಮಾಡಿ ಬಂದ ಮರುದಿನ ಗಂಡನ ಕಡೆಯವರು ಮನೆ ಖಾಲಿ ಮಾಡತೊಡಗಿದರು. ಕಳ್ಳ ನುಗ್ಗಿದರೆ ಊರು ಕೂಗುತ್ತದೆ. ಇವರಿಗೆ ಊರೇ ಕುರ್ಚಿ ಹಾಕಿ ಚಹಾ ಕೊಟ್ಟಿತ್ತು. ಮಂಚ ಹೋಯಿತು, ಫ್ರಿಜ್ಜು ಹೋಯಿತು. ಕರಿಯುಡುಪಿನಲ್ಲಿ ನೆಲದ ಮೇಲೆ ಕೂತಿದ್ದ ವಾಜುವಾ ನೋಡುತ್ತಲೇ ಇದ್ದಳು. ಎದುರು ಗೋಡೆಗೊರಗಿ ಅತ್ತೆ ಹುಲ್ಡಾ ಕೂತಿದ್ದಳು. ಎಲಿಫಾಸ್ ಯಂತ್ರಕ್ಕೆ ಕೈ ಹಾಕಿದಾಗ ಮಾತ್ರ ವಾಜುವಾ ಎದ್ದಳು.

"ಮಾವ, ಅದು ನಮ್ಮ ಕುಕುದು."

"ಯಾರ ಮನೇಲಿತ್ತಮ್ಮ? ಸೂರಿನಡೀಲಿ ಇದ್ದದ್ದು ಸೂಜಿಯಾದ್ರೂ ಸತ್ತವನ ರಕ್ತದೋರಿಗೆ."

"ಇವಳ ಅಜ್ಜಿ ಕೊಟ್ಟಾಗ ನಿಮ್ಮ ಹುಡುಗ ಯಾರು ಅಂತಾನೇ ಇವಳಿಗೆ ಗೊತ್ತಿರ್ಲಿಲ್ಲ" ಎಂದಳು ಯುಸ್ತಿನೆ. "ಅವನು ದುಡಿದದ್ದರಲ್ಲೂ ಇವಳ ಬೆವರಿದೆ. ಅದನ್ನ ಬಿಡಿ. ಇದು ಅವನು ತಂದದ್ದೂ ಅಲ್ಲ, ಮುಟ್ಟಿದ್ದೂ ಅಲ್ಲ. ನಾಳೆ ಇವಳು ಏನು ಮಾಡಿ ಉಣ್ಣಬೇಕು?"

"ಸಂಘದಮ್ಮ, ನಿನ್ನ ಭಾಷಣ ಭಾನುವಾರಕ್ಕಿಟ್ಕೊ. ನಮ್ಮ ತಾಯಂದಿರೂ ಕೊಟ್ರು. ಯಾರಾದ್ರೂ ಸತ್ರಾ?"

"ಸತ್ತವರು ಬಂದು ಹೇಳ್ತಾರಾ?"

ಹೊರಗೆ ಯಾರೋ ಕಿಸಕ್ಕೆಂದರು. ಎಲಿಫಾಸ್ ದನಿ ಇಳಿಸಿದ. "ನೋಡು ಮಗಳೇ, ನಾವೇನು ಕಟುಕರಲ್ಲ. ಫೆಸ್ಟಸ್‌ನ ತಮ್ಮನ ಮನೆಗೆ ಬಂದುಬಿಡು. ಅವನ ಕೈ ಹಿಡಿ. ಮಷೀನೂ ಇರುತ್ತೆ, ನೀನೂ ಇರ್ತೀಯ."

ವಾಜುವಾ ಯಂತ್ರದ ಹಿಡಿಯನ್ನು ನೋಡಿದಳು. ಕುಕುವಿನ ಅಂಗೈ ಉಜ್ಜಿ ಉಜ್ಜಿ ಮರ ಮೂಳೆಯಂತೆ ನುಣುಪಾಗಿತ್ತು. ಒಂದು 'ಹೂಂ' ಅಂದರೆ ಅದು ಉಳಿಯುತ್ತಿತ್ತು.

"ಇಲ್ಲ ಮಾವ" ಎಂದಳು. "ಪಾತ್ರೆ ಸಾಮಾನಿನ ಜೊತೆ ನಾನೂ ಗಾಡಿ ಹತ್ತೋಳಲ್ಲ."

ಯಂತ್ರವನ್ನು ಹೊತ್ತು ಗಾಡಿಗೇರಿಸಿದರು. ಎಲಿಫಾಸನ ಸೊಸೆ ಮೂಲೆಯಲ್ಲಿದ್ದ ಗಂಟನ್ನು ಬಿಚ್ಚಿ, "ಚಿಂದಿ!" ಎಂದವಳೇ, ಪಿಂಗಾಣಿ ಪಾತ್ರೆಗಳು ತಾಕಿ ಒಡೆಯದಿರಲೆಂದು ಆ ತುಂಡುಗಳನ್ನು ನಡುನಡುವೆ ತುರುಕತೊಡಗಿದಳು. ಹಳದಿ ಹೂವಿನದೊಂದು ಚಹಾದ ಕೆಟಲಿನೊಳಗೆ ಹೋಯಿತು.

"ಅದು ನಮ್ಮಮ್ಮ" ಎಂದಳು ವಾಜುವಾ.

ಆ ಹುಡುಗಿಗೆ ಅರ್ಥವಾಗಲಿಲ್ಲ. ಕೆಟಲಿನ ಮುಚ್ಚಳ ಒತ್ತಿದಳು. ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು. ವಾಜುವಾ ಬರಿ ನೆಲದ ಮೇಲೆ ಕೂತು ಅತ್ತಳು. ಗಂಡನಿಗಾಗಿ ಅತ್ತದ್ದಕ್ಕಿಂತ ಹೆಚ್ಚು ಅತ್ತಳೆಂದು ಆಮೇಲೆ ಊರು ಆಡಿಕೊಂಡಿತು. ಅತ್ತಿರಬಹುದು. ಅಂದು ಅವಳಿಗೆ ಗಂಡ, ಅಜ್ಜಿ, ತಾಯಿ ಮೂವರೂ ಒಟ್ಟಿಗೆ ಸತ್ತಿದ್ದರು.

ಸಂಜೆ ಅವಳು ಯುಸ್ತಿನೆಯನ್ನು ಕೇಳಿದಳು. "ಕೋರ್ಟಿಗೆ ಹೋದರೆ ಕೇಳ್ತಾರಾ?"

"ಕಾನೂನು ನಿನ್ನ ಕಡೆಗಿದೆ. ಆದ್ರೆ ಕರಿಯುಟ್ಟವಳು ವರ್ಷ ತುಂಬೋವರೆಗೆ ಹೊಸ್ತಿಲು ದಾಟೋ ಹಾಗಿಲ್ಲ ಅಂತಾರೆ ಇವರು. ದಾಟಿದರೆ ಗಂಡನ್ನ ತಿಂದವಳು ಅಂತ ಹೆಸರಿಡ್ತಾರೆ."

"ಇಟ್ರೆ ಇಡಲಿ. ಹೆಸರನ್ನ ಗಾಡಿಗೆ ಹಾಕ್ಕೊಂಡು ಹೋಗೋಕಾಗಲ್ಲವಲ್ಲ."

ಮರುದಿನ ಬೆಳಗ್ಗೆ ಇಬ್ಬರೂ ಹೆದ್ದಾರಿಯ ಪಕ್ಕ ನಿಂತು ಪಟ್ಟಣದ ಕಡೆಯ ಗಾಡಿಗೆ ಕೈ ಮಾಡುತ್ತಿದ್ದರು. ಅಂಗಡಿಯ ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿ ದುರುಗುಟ್ಟಿದರು. ಒಬ್ಬಾಕೆ ಮಗುವಿನ ಮುಖವನ್ನು ಅತ್ತ ತಿರುಗಿಸಿದಳು.

ಊರ ಕಡೆಯಿಂದ ಹುಲ್ಡಾ ಬರುತ್ತಿದ್ದಳು. ಕರಿಯ ನೀಳ ಉಡುಪು ಮರಳಿನಲ್ಲಿ ಎಳೆದಾಡುತ್ತಿತ್ತು. ತಡೆಯಲು ಬಂದಳೆಂದು ಯುಸ್ತಿನೆ ಮುಂದೆ ಸರಿದು ನಿಂತಳು. ಮುದುಕಿ ಅವಳನ್ನು ಬಳಸಿ ಬಂದು ಸೊಸೆಯೆದುರು ನಿಂತಳು. ಏದುಸಿರು.

"ನನ್ನ ಗಂಡ ಹೋದಾಗ ನಮ್ಮವ್ವನ ಹಾಲಿನ ಸೋರೆಬುರುಡೆ ತಗೊಂಡು ಹೋದ್ರು. ಕೊಡಿ ಅಂತ ನಾನು ಕೇಳ್ಲಿಲ್ಲ" ಎಂದಳು.

ಹೊದ್ದ ಶಾಲಿನಡಿಯಿಂದ, ಬಟ್ಟೆ ಸುತ್ತಿದ ಒಂದು ಬೋಗುಣಿ ತೆಗೆದಳು. ಬಿಸಿ ಜೋಳದ ಗಂಜಿ, ಮೇಲೆ ಗಟ್ಟಿ ಹುಳಿಹಾಲು. ಅದನ್ನು ವಾಜುವಾಳ ಎರಡೂ ಕೈಗೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದಳು.