ಗಂಜಿ ನೂಲು ಸುತ್ತಿದ ಸ್ಲೈಡು

ಮತ್ತೆ ಏರಿತು, ಶ್ರುತಿ ಏರಿಯೇ ಬಿಟ್ಟಿತು, ಮುಧೋಳದ ಮದುವೆ ಮೆರವಣಿಗೆಯ ಈ ಹಾಳು ಬಿಸಿಲಿಗೆ ಹಿತ್ತಾಳೆ ಕಾದು ಟ್ರಂಪೆಟ್ಟು ಕೀಬೋರ್ಡಿಗಿಂತ ಒಂದೆಳೆ ಮೇಲೆ ಕೂಗುತ್ತಿದೆ, ಅಲ್ಲಿ ತಳ್ಳುಗಾಡಿಯ ಮೇಲೆ ವೀರೇಶನ ಬೆರಳು ಷಡ್ಜದ ಮೇಲೆ ಅಲ್ಲಾಡದೆ ಕೂತಿದೆ, ಕೀಬೋರ್ಡಿಗೆ ಬಿಸಿಲೂ ಇಲ್ಲ ನೆರಳೂ ಇಲ್ಲ — ಈ ಬಾಗಿದ ನಳಿಗೆ, ಈ ಸ್ಲೈಡು, ಚೂರು ಹೊರಗೆ ಬಂದರೆ ಸಾಕು, ದಾರಿ ಉದ್ದವಾಗಿ ಸ್ವರ ಇಳಿಯುತ್ತದೆ, ಮೀಸೆ ಬಂದಾಗಿನಿಂದ ಹಾಗೇ ಇಳಿಸಿದವನು ಗಿರಮಲ್ಲಪ್ಪ, ಇವತ್ತು ಜಪ್ಪಯ್ಯ ಎಂದರೂ ಅದು ಅಲ್ಲಾಡುತ್ತಿಲ್ಲ, ಅಲ್ಲಾಡೀತು ಹೇಗೆ, ತಾನೇ ಮಾಡಿಕೊಂಡ ಘನಕಾರ್ಯ, ಸವೆದ ಸ್ಲೈಡು ಊದುವಾಗಲೆಲ್ಲ ಒಳಗೆ ಜಾರುತ್ತದೆಂದು ನಿನ್ನೆ ಮಗ್ಗದ ಗಂಜಿ ನೂಲು ಹರಿದು ಅದಕ್ಕೆ ಬಿಗಿಯಾಗಿ ಸುತ್ತಿ ಕೂರಿಸಿದ, ಬ್ಯಾಡರಿ, ಗಂಜಿ ನೂಲು ಹಸಿ ಆಗಿ ಒಣಗಿದ್ರ ಕಚ್ಕೊಂಡು ಕುಂದರತೈತಿ ಎಂದಳು ಹೆಂಡತಿ ಬನಶಂಕರಿ, ನೇಕಾರರ ಊರು ಬನಹಟ್ಟಿಯಾಂವಗ ನೂಲಿನ ಪಾಠ ಹೇಳ್ತಿಯೇನ ಎಂದು ನಕ್ಕಿದ್ದ, ನಕ್ಕೆಯಲ್ಲೋ ಹುಚ್ಚಪ್ಪ, ಈಗ ನಗು — ಬಾಯಿಯ ಹಬೆಗೆ ಗಂಜಿ ಕರಗಿ, ಬಿಸಿಲಿಗೆ ಒಣಗಿ, ಹಿತ್ತಾಳೆಗೆ ಹಿತ್ತಾಳೆ ಕಚ್ಚಿಕೊಂಡಿದೆ, ತುಟಿ ಸಡಿಲಿಸಿ ಇಳಿಸೋಣವೆಂದರೆ ಸ್ವರವೇನೋ ಇಳಿಯುತ್ತದೆ, ನಾದ ನೆಗಡಿ ಬಂದವರ ದನಿಯಾಗುತ್ತದೆ, ತುಟಿ ಉರಿಯುತ್ತಿದೆ, ಮದುಮಗನ ಸೋದರಮಾವ ಕಿವಿ ಮುಚ್ಚಿಕೊಂಡು ಬ್ಯಾಂಡಿನ ಮಾಲೀಕ ಕಾಶಪ್ಪನಿಗೆ ಏನೋ ಹೇಳುತ್ತಿದ್ದಾನೆ, ಅಯ್ಯೋ, ಹೋದ ಮದುವೆಯಲ್ಲೇ ಕಾಶಪ್ಪ ಅಂದಿದ್ದ, ಕಾಕಾ, ಇನ್ನೊಮ್ಮಿ ಅಪಸ್ವರ ಬಂತಂದ್ರ ಟ್ರಂಪೆಟ್ಟೂ ಕೀಬೋರ್ಡಿನಾಗ ಬಾರಸ್ತೀವಿ, ನೀ ಮನ್ಯಾಗ ಇರು — ಮನೆಯಲ್ಲಿದ್ದು ಏನು ಮಾಡಲಿ, ಊದುವುದೊಂದು ಬಿಟ್ಟರೆ ಈ ಎದೆಗೆ ಬೇರೆ ಏನು ಗೊತ್ತಿದೆ, ಶಿವನೇ, ಬಾರೋ ಸ್ಲೈಡೇ, ಬಾರಲೇ, ಈಗ ಬರೀ ಡೋಲು ಬಡಿಯುತ್ತಿದೆ, ಅದು ಮುಗಿಯುವಷ್ಟರಲ್ಲೇ ಆಗಬೇಕು, ನಡುರಸ್ತೆಯಲ್ಲಿ ಕುಕ್ಕರಿಸಿ ಟ್ರಂಪೆಟ್ಟನ್ನು ಮೊಣಕಾಲ ನಡುವೆ ಒತ್ತಿ ಎರಡೂ ಕೈಯಿಂದ ಜಗ್ಗಿದ, ಬಂತು, ಬಂತು, ಬಂದೇ ಬಿಟ್ಟಿತು, ಪೂರ್ತಿ ಬಂತು, ಅದರೊಂದಿಗೆ ಬೆಸುಗೆ ಬಿಟ್ಟು ಒಳನಳಿಗೆಯೂ ಬಂತು, ಕೈಯಲ್ಲಿ ಎರಡು ತುಂಡು, ಕೂಡಿಸಿದರೆ ಕೂಡುವುದಿಲ್ಲ, ಒತ್ತಿದರೆ ನಿಲ್ಲುವುದಿಲ್ಲ, ಡೋಲಿನ ಪೆಟ್ಟು ಮುಗಿಯುವ ತಿರುವಿಗೆ ಬಂತು, ಇನ್ನು ಟ್ರಂಪೆಟ್ಟಿನ ಜಾಗ, ತನ್ನ ಜಾಗ, ತಡೀರಿ, ಒಂದ ನಿಮಿಷ ತಡೀರಿ, ಸರೀ ಕಾಕಾ ಬದೀಗೆ, ವೀರೇಶಾ ನೀ ಹಚ್ಚಲೇ ಎಂದ ಕಾಶಪ್ಪ, ವೀರೇಶ ಇತ್ತ ನೋಡಲಿಲ್ಲ, ಒಂದು ಗುಂಡಿ ಒತ್ತಿದ, ಬೆರಳೆತ್ತಿದ, ಬೆರಳು ಇಳಿಯಿತು, ಕೀಬೋರ್ಡಿನೊಳಗಿಂದ ಟ್ರಂಪೆಟ್ಟು ಕೂಗಿತು, ಎಳೆಯಷ್ಟೂ ಏರದೆ, ಉಸಿರೂ ತೆಗೆದುಕೊಳ್ಳದೆ ಕೂಗಿತು, ಜನ ಕುಣಿದರು, ಸೋದರಮಾವನೂ ಕುಣಿದ, ಯಾರೂ ತಿರುಗಿ ನೋಡಲಿಲ್ಲ, ಬೆರಳು ಏರಿತು, ಇಳಿಯಿತು, ಆ ಬೆರಳು, ಒಂದೇ ಒಂದು ಬೆರಳು