ಗುಡಿಸುವವರನ್ನು ಕೇಳದೆ ನೆಟ್ಟ ಮರ

ಮನೆ ಮುಂದೆ ಒಂದು ಮರ ಇರಬೇಕು. ಹೂ ಬಿಡಬೇಕು, ನೆರಳು ಕೊಡಬೇಕು, ದಾರಿಹೋಕರು ಒಂದು ಗಳಿಗೆ ನಿಂತು ನೋಡಬೇಕು. ಆದರೆ ಕೆಲಸ ಮಾತ್ರ ಕೊಡಬಾರದು. ಮನೆ ಕಟ್ಟಿಸಿದವರೆಲ್ಲರ ಆಸೆ ಇದೇ. ಬಣ್ಣದ ಮೇಸ್ತ್ರಿಯ ಆಸೆಯೂ ಇದೇ ಆಗಿತ್ತು. ತನ್ನ ಆಸೆ ಈಡೇರಿದೆ ಎಂದು ಅವನು ಹದಿನಾಲ್ಕು ವರ್ಷ ನಂಬಿಕೊಂಡೇ ಇದ್ದ.

ಊರಿನ ಅರ್ಧ ಗೋಡೆಗಳಿಗೆ ಬಣ್ಣ ಹೊಡೆದ ಕೈ ಅವನದು. ಸ್ವಂತ ಮನೆಯ ಗೋಡೆಗೆ ಕೆನೆ ಬಣ್ಣ ಹೊಡೆದು ಮುಗಿಸಿದ ದಿನವೇ, ಅಂಗಡಿಯವರು ಕೊಡುವ, ಬಣ್ಣದ ಮಾದರಿಗಳ ಶೇಡ್ ಕಾರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನರ್ಸರಿಗೆ ಹೋದ. ಸಸಿಗಳಿಗೆ ಅಂಟಿಸಿದ್ದ ಹೂವಿನ ಚಿತ್ರಗಳ ಪಕ್ಕ ಕಾರ್ಡ್ ಹಿಡಿದು ಹಿಡಿದು ನೋಡಿದ. ಕೆನೆ ಗೋಡೆಯ ಮುಂದೆ ಧಗಧಗ ಉರಿಯುವಂತೆ ಕಾಣುವ ಕೆಂಪು ಒಂದೇ ಒಂದಿತ್ತು. ಅದು ನೀರುಕಾಯಿ ಮರದ ಹೂವು. ಎಷ್ಟೆತ್ತರ ಬೆಳೆಯುತ್ತದೆ ಎಂದು ಅವನು ಕೇಳಲಿಲ್ಲ. ಏನು ಉದುರಿಸುತ್ತದೆ ಎಂದೂ ಕೇಳಲಿಲ್ಲ. ಚೆನ್ನಾಗಿ ಹೊಡೆದ ಬಣ್ಣ ಒಮ್ಮೆ ಒಣಗಿದರೆ ಮುಗಿಯಿತು, ಆಮೇಲೆ ಅದು ಯಾರನ್ನೂ ಏನನ್ನೂ ಕೇಳುವುದಿಲ್ಲ. ಮರವೂ ಹಾಗೇ ಎಂದುಕೊಂಡ.

ನಾಲ್ಕನೇ ವರ್ಷ ಮರ ತಲೆತುಂಬ ಹೂ ಹೊತ್ತು ನಿಂತಿತು. ಮೇಸ್ತ್ರಿಗೆ ಎದೆ ಉಬ್ಬಿತು. ಬಣ್ಣ ಹೊಡೆಸಲು ಬಂದ ಗಿರಾಕಿಗಳಿಗೆಲ್ಲ ಪುಕ್ಕಟೆ ಸಲಹೆ ಕೊಡತೊಡಗಿದ.

"ನೀರುಕಾಯಿ ಹಾಕಿ ಸಾರ್. ನೆಟ್ಟು ಮರೆತುಬಿಡಿ. ನಮ್ಮನೇಲೇ ಬಂದು ನೋಡಿ, ಅಂಗಳದಲ್ಲಿ ಒಂದು ಎಲೆ ಬಿದ್ದಿರೋದು ತೋರಿಸಿ."

ಅವನ ಮಾತು ನಂಬಿ ಅದೇ ಬೀದಿಯಲ್ಲಿ ಮೂರು ಮನೆಯವರು ನೀರುಕಾಯಿ ನೆಟ್ಟರು.

ಅಂಗಳದಲ್ಲಿ ಒಂದು ಎಲೆಯೂ ಬಿದ್ದಿರುತ್ತಿರಲಿಲ್ಲ, ನಿಜ. ಯಾಕೆಂದರೆ ಮೇಸ್ತ್ರಿ ಹಾಸಿಗೆ ಬಿಡುತ್ತಿದ್ದುದು ಎಂಟು ಗಂಟೆಗೆ. ಅವನ ಹೆಂಡತಿ ನಲವತ್ತು ಮನೆಗಳಿಗೆ ಹಾಲಿನ ಪ್ಯಾಕೆಟ್ ಹಾಕುವವಳು, ಬೀದಿಯವರ ಬಾಯಲ್ಲಿ ಹಾಲಕ್ಕ. ನಾಲ್ಕೂವರೆಗೆ ಎದ್ದು, ಗೇಟಿನ ಒಳಗೆ ಬಿದ್ದದ್ದನ್ನು ಗುಡಿಸಿ, ಕ್ರೇಟನ್ನು ಸೊಂಟಕ್ಕೆ ಏರಿಸಿಕೊಂಡು ಹೊರಡುತ್ತಿದ್ದಳು. ಗೇಟಿನ ಹೊರಗೆ ಬಿದ್ದದ್ದನ್ನು ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕ ಎತ್ತುತ್ತಿದ್ದಳು. ಮೇಸ್ತ್ರಿ ಕಂಡದ್ದು ಕೊಂಬೆಯ ಮೇಲಿನ ಹೂವನ್ನು ಮಾತ್ರ. ನೆಲದ ಮೇಲಿನ ಹೂವು ಅವನು ಕಣ್ಣು ಬಿಡುವಷ್ಟರಲ್ಲಿ ಮಾಯವಾಗಿರುತ್ತಿತ್ತು.

ಒಂದು ದಿನ ದೂರದ ಕೆಲಸವೆಂದು ಬೇಗ ಎದ್ದವನಿಗೆ ಗೇಟಿನ ಬಳಿ ಆ ಅಕ್ಕ ಎದುರಾದಳು.

"ಮೇಸ್ತ್ರೀ, ಒಂದು ಮಾತು ಹೇಳ್ಲಾ? ಈ ಮರ ಇಲ್ಲಿಗಲ್ಲ. ದೂರದ ಬಯಲಲ್ಲಿದ್ರೆ ಇರ್ಲಿ. ಇದರ ಹೂವು ಹೂವಿನ ಹಾಗೆ ಬೀಳಲ್ಲ, ಕೊಳೆತ ಹಣ್ಣಿನ ಹಾಗೆ ಬೀಳುತ್ತೆ. ತುಳಿದ್ರೆ ಲೋಳೆ."

"ಬಿದ್ರೆ ಗುಡಿಸೋಕೆ ತಾನೇ ನೀವಿರೋದು?" ಮೇಸ್ತ್ರಿ ನಕ್ಕ. "ಮರ ಇಲ್ದಿದ್ರೆ ನಿಮ್ಮ ಕೆಲಸಾನೇ ಹೋಗುತ್ತೆ ಕಣಮ್ಮ."

ಅಕ್ಕ ನಗಲಿಲ್ಲ. "ಕೆಲಸ ಹೋಗಲ್ಲ ಮೇಸ್ತ್ರೀ. ಸೊಂಟ ಹೋಗುತ್ತೆ" ಎಂದು ಪೊರಕೆಗೆ ಅಂಟಿದ ಹೂವನ್ನು ಚರಂಡಿಯ ಅಂಚಿಗೆ ಕುಟ್ಟಿ ಉದುರಿಸಿದಳು.

ಹೆಂಡತಿಯೂ ಒಂದೆರಡು ಸಲ ಗೊಣಗಿದ್ದಳು. "ಇಡೀ ಬೀದಿ ನಿಂತು ನೋಡೋ ಮರ, ನಿನಗೊಬ್ಬಳಿಗೆ ಭಾರ" ಎಂದು ಅವಳ ಬಾಯಿ ಮುಚ್ಚಿಸಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಅದನ್ನು ಅವನು ಒಪ್ಪಿಗೆ ಎಂದು ತಿಳಿದ. ಎಷ್ಟೋ ಮನೆಗಳಲ್ಲಿ ಹೀಗೇ ತಿಳಿಯುತ್ತಾರೆ.

ಹದಿನಾಲ್ಕನೇ ವರ್ಷ, ಮಳೆ ಸುರಿದು ನಿಂತ ಒಂದು ಬೆಳಗಿನ ಜಾವ, ಕರೆಂಟು ಹೋಗಿತ್ತು. ಕತ್ತಲಲ್ಲಿ ಗುಡಿಸಲಾಗದೆ ಹಾಲಕ್ಕ ಹಾಗೇ ಕ್ರೇಟ್ ಎತ್ತಿಕೊಂಡು ಹೊರಟಳು. ಮೆಟ್ಟಿಲಿನಿಂದ ಗೇಟಿಗೆ ಎಂಟು ಹೆಜ್ಜೆ. ಮೂರನೆಯದಕ್ಕೆ ಕಾಲು ಜಾರಿತು.

ಮೇಸ್ತ್ರಿಯನ್ನು ಎಬ್ಬಿಸಿದ್ದು ಬೀದಿ ಗುಡಿಸುವ ಅಕ್ಕನ ಕೂಗು. ಅವನು ಓಡಿ ಬಂದಾಗ ಅಕ್ಕ ನೆಲದಲ್ಲಿ ಕೂತು ಹಾಲಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಸುತ್ತ ಒಡೆದ ಪ್ಯಾಕೆಟ್ಟುಗಳು, ಹರಿದ ಹಾಲು, ಹಾಲಿನಲ್ಲಿ ತೇಲುವ ಕೆಂಪು ಹೂಗಳು. ಬಿಳಿಯ ಮೇಲೆ ಕೆಂಪು ಇಷ್ಟು ಭಯಂಕರವಾಗಿ ಕಾಣಬಹುದೆಂದು ಬಣ್ಣದಲ್ಲೇ ಬಾಳಿದವನಿಗೆ ಅಂದು ತಿಳಿಯಿತು.

"ಏನಾಯ್ತೇ?" ಎಂದ.

"ಮೂಲೆ ಮನೇಲಿ ಮಗು ಇದೆ" ಎಂದಳು ಅವಳು, ಹಲ್ಲು ಕಚ್ಚಿಕೊಂಡು. "ಒಡೀದೆ ಉಳಿದಿರೋ ಪ್ಯಾಕೆಟ್ ಮೊದಲು ಅವರಿಗೆ ಕೊಟ್ಟು ಬನ್ನಿ."

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಒಳಗೆ ರಾಡ್ ಬಂತು, ಕೈಗೆ ವಾಕರ್ ಬಂತು. ನಲವತ್ತು ಮನೆಯ ಹಾಲು ಬೇರೆಯವರ ಪಾಲಾಯಿತು.

ಆಸ್ಪತ್ರೆಯಿಂದ ಬಂದ ಮರುದಿನ ಬೆಳಗಿನ ಜಾವ ಮೇಸ್ತ್ರಿ ಮೊದಲ ಸಲ ಪೊರಕೆ ಹಿಡಿದು ಅಂಗಳಕ್ಕಿಳಿದ. ನೆಲವೇ ಕಾಣಲಿಲ್ಲ. ಅಂಗೈ ಅಗಲದ ಹೂಗಳು ಒಂದರ ಮೇಲೊಂದು ಕೊಳೆಯುತ್ತಿದ್ದವು. ಪೊರಕೆ ಬೀಸಿದರೆ ಸರಿಯದೆ ಕಡ್ಡಿಗೆ ಅಂಟಿಕೊಂಡವು. ಬಾಗಿ ಕೈಯಲ್ಲೇ ಬಾಚಬೇಕಾಯಿತು. ಎರಡು ಬುಟ್ಟಿ ತುಂಬಿತು. ಮರುದಿನ ಮತ್ತೆ ಎರಡು ಬುಟ್ಟಿ. ಹತ್ತನೇ ದಿನಕ್ಕೆ ಬೆನ್ನು ಹಿಡಿದುಕೊಂಡಿತು. ಹೀಗೆ ಎಷ್ಟು ಸಾವಿರ ಬೆಳಗು ಅವಳು ಬಾಗಿರಬಹುದೆಂದು ಲೆಕ್ಕ ಹಾಕಲು ಕೂತವನು ಅರ್ಧಕ್ಕೇ ಕೈಬಿಟ್ಟ. 'ಕೆಲಸವೇ ಕೊಡದ ಮರ' ಎಂದು ತಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಕೆಲಸ ಕೊಡುತ್ತಿತ್ತು. ಅವನಿಗೆ ಕೊಡುತ್ತಿರಲಿಲ್ಲ, ಅಷ್ಟೇ.

ಆ ತಿಂಗಳಲ್ಲೇ ಗಾಳಿಗೆ ಕೊಂಬೆ ಮುರಿದು ಕರೆಂಟಿನ ತಂತಿಯ ಮೇಲೆ ಬಿತ್ತು. ಅನುಮತಿ ಪಡೆದು ಮರ ಕಡಿಸಬೇಕಾಯಿತು. ಮೂರು ಜನ ಗರಗಸ ಹಿಡಿದು ಒಂದು ಹಗಲು ದುಡಿದರು. ಗೂಡು ಕಳಕೊಂಡ ಹಕ್ಕಿಗಳು ಸಂಜೆಯವರೆಗೂ ಮನೆಯ ಮೇಲೆ ಸುತ್ತಿದವು. ಮರದ ತಪ್ಪು ಎಳ್ಳಷ್ಟೂ ಇರಲಿಲ್ಲ. ತಪ್ಪು ಮಾಡಿದವನು ಕೆಳಗೆ ನಿಂತಿದ್ದ, ಶಿಕ್ಷೆ ಮೇಲಿನದಕ್ಕಾಯಿತು.

ಹಾಲಕ್ಕ ಮಾತ್ರ ಮುಂಬಾಗಿಲ ಕಡೆ ಬರುವುದನ್ನೇ ಬಿಟ್ಟಳು. ದಿನಾ ಅಂಗಳದಲ್ಲಿ ಹತ್ತು ನಿಮಿಷ ನಡೆಯದಿದ್ದರೆ ಕಾಲು ಶಾಶ್ವತವಾಗಿ ಬಿಗಿಯುತ್ತದೆ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅವಳು ಕೋಣೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಕೋಣೆಗೆ, ಅಷ್ಟೇ. "ಆ ಅಂಗಳಕ್ಕೆ ನಾನು ಕಾಲಿಡಲ್ಲ" ಎಂದಳು. ಒಂದು ಒಳ್ಳೆಯ ಮರ ಬಂದರೆ ಮನಸ್ಸು ಬದಲಾದೀತು ಎಂದು ಮೇಸ್ತ್ರಿ ಮತ್ತೆ ನರ್ಸರಿಗೆ ಹೋದ. ಹಳೆಯ ಚಾಳಿ ಬಿಡಬೇಕಲ್ಲ. ಬೋಳು ಗೋಡೆಯನ್ನು ನೆನೆದುಕೊಂಡು ಗುಲ್‌ಮೊಹರ್ ಸಸಿ ಹಿಡಿದು ಬಂದ. ಸ್ಕೂಟರ್ ನಿಲ್ಲಿಸುವ ಮೊದಲೇ ಬೀದಿ ಗುಡಿಸುವ ಅಕ್ಕ ಪೊರಕೆ ಅಡ್ಡ ಹಿಡಿದಳು.

"ಯಾರನ್ನ ಕೇಳಿ ತಂದ್ರಿ?"

"ನರ್ಸರಿಯವನನ್ನ ಕೇಳ್ದೆ. ಹೂವು ಚೆನ್ನಾಗಿರುತ್ತೆ ಅಂದ."

"ಅವನು ಬಂದು ನಿಮ್ಮನೆ ಗುಡಿಸ್ತಾನಾ?"

ಮೇಸ್ತ್ರಿ ಸಸಿಯನ್ನು ಗೇಟಿನ ಪಕ್ಕ ಇಳಿಸಿದ.

"ನಾಳೆ ಐದಕ್ಕೆ ಏಳಿ" ಎಂದಳು ಅಕ್ಕ. "ನಾನು ಗುಡಿಸೋಕೆ ಮುಂಚೆ ಬೀದಿ ಹೇಗಿರುತ್ತೆ ಅಂತ ತೋರಿಸ್ತೀನಿ. ಹಾಲಕ್ಕನ್ನ ಬಿಟ್ರೆ ಈ ಬೀದಿಯೋರು ಒಬ್ರೂ ಅದನ್ನ ನೋಡಿಲ್ಲ."

ಮರುದಿನ ಇಬ್ಬರೂ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು. ಬಾದಾಮಿ ಮರದ ಮನೆ ಮುಂದೆ ಮೊರದಗಲದ ಎಲೆಗಳು ಚರಂಡಿಗೆ ಬಿದ್ದು ನೀರು ಕಟ್ಟಿತ್ತು. "ಸೊಳ್ಳೆ ಅಂತ ಆಫೀಸಿಗೆ ಅರ್ಜಿ ಕೊಡ್ತಾರೆ. ಎಲೆ ಅವರದ್ದೇ" ಎಂದಳು ಅಕ್ಕ. ಮುಂದೆ ದೊಡ್ಡ ಗುಲ್‌ಮೊಹರ್. ಬೇರು ಕಾಂಪೌಂಡ್ ಗೋಡೆಯನ್ನು ಎತ್ತಿ ಸೀಳಿತ್ತು. "ನೀವು ಡಬ್ಬಿಯಲ್ಲಿ ತಂದಿರೋ ಮಗು ಇದೇನೇ. ಹತ್ತು ವರ್ಷ ಬಿಟ್ಟು ನೋಡಿ."

ಆಮೇಲೆ ಮೂರು ನೀರುಕಾಯಿ ಮರಗಳು. ಮೂರರ ಕೆಳಗೂ ಅದೇ ಕೆಂಪು ಲೋಳೆ.

"ಇವು ಮೂರೂ ನನ್ನ ಮಾತಿಗೆ ನೆಟ್ಟವು" ಎಂದ ಮೇಸ್ತ್ರಿ.

"ಗೊತ್ತು. ನಾನೇ ತಾನೇ ಗುಡಿಸೋದು." ಪೊರಕೆಯಿಂದ ಲೋಳೆಯನ್ನು ಬದಿಗೆ ತಳ್ಳುತ್ತ ಅಂದಳು, "ನಕ್ಷೆ ಬರೆಯೋರು ಬರ್ತಾರೆ, ಸಸಿ ನೆಟ್ಟು ಫೋಟೋ ಹಿಡಿಸಿಕೊಳ್ಳೋರು ಬರ್ತಾರೆ. ಯಾವ ಮರ ಯಾವ ತಿಂಗಳು ಏನು ಬೀಳಿಸುತ್ತೆ ಅಂತ ನನ್ನ ಬೆನ್ನಿಗೆ ಗೊತ್ತು. ಇಪ್ಪತ್ತು ವರ್ಷದಲ್ಲಿ ಒಬ್ರೂ ಕೇಳಿಲ್ಲ ಮೇಸ್ತ್ರೀ. ನೀವು ನಕ್ರಿ. ಮಿಕ್ಕೋರು ನಗಲೂ ಇಲ್ಲ."

ಮೇಸ್ತ್ರಿ ತಲೆ ತಗ್ಗಿಸಿದ. "ತಪ್ಪಾಯ್ತಕ್ಕ" ಎಂದ. ಹದಿನಾಲ್ಕು ವರ್ಷದಲ್ಲಿ ಅವಳನ್ನು ಅವನು ಅಕ್ಕ ಎಂದದ್ದು ಅದೇ ಮೊದಲು.

ಬೀದಿಯ ಕೊನೆಗೆ ಟೈಲರ್ ಮನೆ. ಅದರ ಮುಂದೆ ಎರಡಾಳೆತ್ತರದ ಪುಟ್ಟ ಮರ, ತುಂಬ ಬಿಳಿ ಹೂ. ಕೆಳಗೆ ತೆಳ್ಳಗಿನ ಕೆಲವು ಎಸಳುಗಳು ಒಣಗಿ ಕಾಗದದ ಹಾಗೆ ಬಿದ್ದಿದ್ದವು.

"ಬಿಳಿ ಮಂದಾರ" ಎಂದಳು ಅಕ್ಕ. "ಪೊರಕೆ ಎರಡು ಸಲ ಬೀಸಿದ್ರೆ ಮುಗೀತು. ತಂತಿ ಮುಟ್ಟಲ್ಲ, ಪಾಯ ಒಡೆಯಲ್ಲ. ಎರಡು ಬೇಸಿಗೆ ನೀರು ಹಾಕಿ ಬೇರು ಹಿಡಿಸಿದ್ರೆ ಆಮೇಲೆ ಅದರ ಪಾಡಿಗೆ ಅದು. ವರ್ಷಕ್ಕೊಂದು ಸಲ ಒಣಗಿದ ರೆಂಬೆ ತೆಗೆದ್ರೆ ಸಾಕು."

"ಬಿಳಿಯಾ?" ಮೇಸ್ತ್ರಿ ಮುಖ ಕಿವುಚಿದ. "ನಮ್ಮಲ್ಲಿ ಬಿಳಿ ಅಂದ್ರೆ ಪ್ರೈಮರ್ ಅಕ್ಕ. ಅದರ ಮೇಲೆ ಬಣ್ಣ ಹೊಡೀಬೇಕು."

"ಹೊಡೀರಿ. ದಿನಾ ಬೆಳಗ್ಗೆ ಏಣಿ ಹಾಕ್ಕೊಂಡು ಒಂದೊಂದು ಹೂವಿಗೂ ಎರಡೆರಡು ಕೋಟ್ ಹೊಡೀರಿ. ನಾನು ಇಲ್ಲೇ ಟೀ ಕುಡೀತಾ ನೋಡ್ತೀನಿ." ಆಮೇಲೆ ಮೆತ್ತಗೆ ಸೇರಿಸಿದಳು, "ನನ್ನನ್ನ ಕೇಳಿದ್ದಾಯ್ತು. ಇನ್ನು ಮನೆಯೊಳಗೆ ಇರೋರನ್ನ ಕೇಳಿ."

ಹಾಲಕ್ಕ ಮಂಚದ ಅಂಚಿನಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಮೇಸ್ತ್ರಿ ಬಾಗಿಲಲ್ಲೇ ನಿಂತು ಕೇಳಿದ.

"ಮುಂದುಗಡೆ ಯಾವ ಮರ ಹಾಕೋಣ?"

ಅವಳ ಕೈ ನಿಂತಿತು. "ಹದಿನಾಲ್ಕು ವರ್ಷ ಆದ್ಮೇಲೆ ಕೇಳ್ತಿದ್ದೀರಿ."

"ಹೂಂ."

"ಆವಾಗ್ಲೇ ಕೇಳಿದ್ರೆ ಹೇಳ್ತಿದ್ದೆ."

"ಏನಂತ ಹೇಳ್ತಿದ್ದೆ?"

"ಬಿಳಿ ಹೂವಿನದು ಅಂತ. ಕತ್ತಲಲ್ಲಿ ಎದ್ದು ಹೋಗೋಳ ಕಣ್ಣಿಗೆ ಕಾಣೋ ಬಣ್ಣ ಅದೊಂದೇ."

ಸಾವಿರಾರು ಬಣ್ಣ ಬೆರೆಸಿದ ಮೇಸ್ತ್ರಿಗೆ ಇದೊಂದು ವಿಷಯ ಯಾವತ್ತೂ ಹೊಳೆದಿರಲಿಲ್ಲ.

ಗುಲ್‌ಮೊಹರ್ ಸಸಿಯನ್ನು ಊರಾಚೆಯ ಆಟದ ಮೈದಾನದವರಿಗೆ ಕೊಟ್ಟ. ಅಲ್ಲಿ ಅದಕ್ಕೆ ಕೈಕಾಲು ಚಾಚಲು ಜಾಗವಿತ್ತು. ಬಿಳಿ ಮಂದಾರವನ್ನು ಗೋಡೆಯಿಂದ ಏಳಡಿ ದೂರ, ನಡೆಯುವ ದಾರಿ ಬಿಟ್ಟು, ಮೇಲೆ ತಂತಿಯೂ ಕೆಳಗೆ ಪೈಪೂ ಇಲ್ಲದ ಕಡೆ ನೆಟ್ಟ. ಆಮೇಲೆ ಆ ಮೂರು ಮನೆಗಳಿಗೆ ಹೋಗಿ ತನ್ನ ತಪ್ಪು ಹೇಳಿಕೊಂಡ. ಒಬ್ಬರು ಕೊಂಬೆ ಕಡಿಸಿ, ಮರದಡಿ ಹಾಯದಂತೆ ಬಾಗಿಲಿಗೆ ಬೇರೆ ದಾರಿ ಮಾಡಿಕೊಂಡರು. ಒಬ್ಬರು ನೋಡೋಣ ಎಂದರು. ಇನ್ನೊಬ್ಬರು, "ಗುಡಿಸೋಕೆ ಹೆಂಗಸಿದ್ದಾಳಲ್ಲಾ ಮೇಸ್ತ್ರಿ" ಎಂದು ನಕ್ಕರು. ಆ ನಗು ಯಾರದೆಂದು ಮೇಸ್ತ್ರಿಗೆ ಗೊತ್ತಿತ್ತು.

ಎರಡು ಬೇಸಿಗೆ ಕಳೆದಿವೆ. ಮರ ಈಗ ಎದೆಯೆತ್ತರಕ್ಕೆ ಬಂದಿದೆ. ಮೊನ್ನೆ ಬೆಳಗ್ಗೆ ವಾಕರಿನ ಸದ್ದು ಮುಂಬಾಗಿಲವರೆಗೆ ಬಂತು.

"ನೆಲ ಒಣಗಿದೆಯಾ?" ಹಾಲಕ್ಕ ಕೇಳಿದಳು.

"ಒಣಗಿದೆ. ನಾನೇ ಗುಡಿಸಿದ್ದೀನಿ."

"ನೀವು ಗುಡಿಸಿದ್ದು ಅಂದ್ರೆ ನಾನು ಇನ್ನೊಂದ್ಸಲ ನೋಡ್ಬೇಕು."

ನೋಡಿದಳು. ಕಾಲಿಟ್ಟಳು. ಹಿಂದೆ ಎಂಟು ಹೆಜ್ಜೆಯ ದಾರಿ ಈಗ ಇಪ್ಪತ್ತಕ್ಕೂ ಮೀರಿತು. ಗೇಟು ಹಿಡಿದು ನಿಂತಾಗ ಬೀದಿಯಲ್ಲಿ ಹೊಸ ಹಾಲಿನವಳು ಕ್ರೇಟ್ ಹೊತ್ತು ಸರಸರನೆ ಹೋಗುತ್ತಿದ್ದಳು. ಅವಳು ತಿರುವಿನಲ್ಲಿ ಮರೆಯಾಗುವ ತನಕ ಹಾಲಕ್ಕ ನೋಡುತ್ತಲೇ ನಿಂತಳು. "ಎಷ್ಟು ಬೇಗ ನಡೀತಾಳೆ" ಎಂದಳು. ಮೇಸ್ತ್ರಿ ಅವಳ ವಾಕರನ್ನು ನೋಡಿದ. ಮರ ಬದಲಾಯಿಸಬಹುದು. ಆ ನಡಿಗೆಯನ್ನು ಯಾವ ನರ್ಸರಿಯಿಂದ ತರುವುದು?

ಇದನ್ನು ಓದುತ್ತಿರುವ, ಕೂತು ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಮನೆ ಮುಂದೆ ಮರ ನೆಡಿ, ಖಂಡಿತ ನೆಡಿ. ಆದರೆ ಹೂವಿನ ಚಿತ್ರ ನೋಡಿ ಮರುಳಾಗಬೇಡಿ. ಅದು ದೊಡ್ಡದಾದಾಗ ಎಷ್ಟು ಎತ್ತರ, ಎಷ್ಟು ಅಗಲ ಎಂದು ಕೇಳಿ. ಮೇಲೆ ತಂತಿ, ಕೆಳಗೆ ಪೈಪು, ಪಕ್ಕದಲ್ಲಿ ಗೋಡೆ ಎಲ್ಲಿದೆ ನೋಡಿ. ಬೀಳುವುದು ಒಣಗಿ ಬೀಳುತ್ತದೆಯೋ ಲೋಳೆಯಾಗಿ ಬೀಳುತ್ತದೆಯೋ ತಿಳಿದುಕೊಳ್ಳಿ. ಅಂಥ ಮರ ಈಗಾಗಲೇ ಇರುವ ಕಡೆ ಒಂದು ದಿನ ಬೆಳಗಿನ ಜಾವ, ಯಾರೂ ಗುಡಿಸುವ ಮುಂಚೆ, ಹೋಗಿ ನಿಂತು ನೋಡಿ. 'ಕೆಲಸವಿಲ್ಲದ ಮರ' ಎಂದು ಯಾರಾದರೂ ಹೇಳಿದರೆ, ಯಾರಿಗೆ ಕೆಲಸವಿಲ್ಲ ಎಂದು ಕೇಳಿ. ಕೊನೆಗೆ, ನಿಮ್ಮ ಮನೆಯಲ್ಲಿ ಪೊರಕೆ ಹಿಡಿಯುವವರು ಯಾರೋ, ನಿಮ್ಮ ಬೀದಿಯಲ್ಲಿ ಪೊರಕೆ ಹಿಡಿಯುವವರು ಯಾರೋ, ಗುಂಡಿ ತೋಡುವ ಮೊದಲು ಅವರ ಎದುರು ನಿಂತು ಕೇಳಿ. ಅವರು ಬೇಡ ಅಂದರೆ, ಬೇಡ.